ಪುಸ್ತಕದಲ್ಲಿಲ್ಲದ ತುಂಟ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ, ಆರು ವರ್ಷದ ಮೊಮ್ಮಗಳು ಕೂತಿದ್ದರು. ತುಂಟ ಹುಡುಗನೊಬ್ಬನ ಚಿತ್ರಪುಸ್ತಕ ಅಜ್ಜಿಯ ತೊಡೆಯ ಮೇಲಿತ್ತು.

"ಆಮೇಲೆ ಆ ಹುಡುಗ ತಾತನ ಹಲ್ಲಿನ ಸೆಟ್ಟನ್ನ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟ."

"ಅಜ್ಜಿ, ಇಲ್ಲಿ ಹಾಗಿಲ್ಲ. ಬೆಕ್ಕಿಗೆ ಬಣ್ಣ ಬಳಿದ ಅಂತಿದೆ. ನಂಗೀಗ ಓದೋಕೆ ಬರುತ್ತೆ."

"ಬರುತ್ತಾ? ಯಾವಾಗಿಂದ?"

"ಇಷ್ಟು ದಿನ ಸುಳ್ಳು ಓದ್ತಿದ್ಯಾ?"

"ಸುಳ್ಳಲ್ಲ ಕಣೇ, ನಡೆದಿದ್ದೇ. ಅದು ನಿಮ್ಮಪ್ಪ ಮಾಡಿದ್ದು."

ಕೌಂಟರಿನ ಹತ್ತಿರ ಅವಳ ಅಪ್ಪ ಮುಖ ಗಂಟು ಹಾಕಿಕೊಂಡು ನಿಂತಿದ್ದ. ಹುಡುಗಿ ಅವನನ್ನೇ ನೋಡಿದಳು.

"ನಾನು ಗೋಡೆ ಮೇಲೆ ಗೀಚಿದೆ ಅಂತ ನಿನ್ನೆಯಿಂದ ಮಾತು ಬಿಟ್ಟಿರೋ ಅಪ್ಪನಾ?"

"ಅವನೇ."

"ಅವರ ತಾತ ಬೈದ್ರಾ?"

"ಬೈಯೋಕೆ ಬಾಯಲ್ಲಿ ಹಲ್ಲಿರಬೇಕಲ್ಲ. ನಗ್ತಾ ಕೂತ್ರು."

ಒಳಗಿನಿಂದ ಕರೆ ಬಂತು. ಅಪ್ಪ ಹತ್ತಿರ ಬಂದು ಕೈ ಚಾಚಿದ. ಹುಡುಗಿ ಹಿಡಿದುಕೊಂಡಳು.

"ಅಪ್ಪ, ನಿಮ್ಮ ತಾತನ ಹಲ್ಲಿಗೆ ಅಂಟಿದ ಹಿಟ್ಟನ್ನ ಯಾರು ತೊಳೆದ್ರು?"

ಅವನು ತಿರುಗಿ ನೋಡಿದ. ಅಜ್ಜಿ ಪುಸ್ತಕದಲ್ಲಿ ಮುಳುಗಿದ್ದರು.

"ನಾನೇ ತೊಳೆದೆ," ಎಂದ, ಬಾಗಿಲು ದೂಡುತ್ತಾ. "ಸಂಜೆ ಗೋಡೆ ನೀನು ಒರೆಸು. ನಾನು ಬಕೆಟ್ ಹಿಡ್ಕೋತೀನಿ."