ಗೋಡೆಯಾಚೆ ಹೂಂ ಅಂದವರು

ದೀಪ ಸಣ್ಣದು ಮಾಡಿ. ಪೂರ್ತಿ ಆರಿಸಬೇಡಿ... ನಿಮ್ಮ ಮುಖ ನನಗೆ ಕಾಣುತ್ತಿರಲಿ.

ಡಾರ್ಜಿಲಿಂಗಿನ ಬಂಗಲೆ, ಕಚ್ಛದ ಧರ್ಮಶಾಲೆ, ಪೆನಾಂಗಿನ ಹಳೇ ಹೋಟೆಲು. ನಾನು ಮಲಗಿದಲ್ಲೆಲ್ಲ ದೆವ್ವ ಇದೆ ಅಂದರು. ನನಗೆ ಸಿಕ್ಕಿದ್ದು ತಿಗಣೆ. ಹಾಗಾಗಿ ನನ್ನ ಅನುಭವ ಹೇಳುವುದಿಲ್ಲ. ಇದು ನನ್ನ ಚಿಕ್ಕವ್ವನ ಮಗಳು ಮಲಕವ್ವನಿಗೆ ಆದದ್ದು. ಎಂಬತ್ತೇಳನೇ ಇಸವಿ. ಅಥಣಿ ಕಡೆ ಕಬ್ಬು ಆಳು ಮುಚ್ಚುವಷ್ಟು ಬೆಳೆದಿದ್ದ ಕಾರ್ತಿಕ ಮಾಸ.

ಪೇಟೆಯಿಂದ ಕೊನೆಯ ಬಸ್ಸು. ಕಾಗವಾಡ ರಸ್ತೆ ಕವಲೊಡೆಯುವ ಫಾಟಾದಲ್ಲಿ ಇಬ್ಬರು ಇಳಿದರು. ಮಲಕವ್ವ, ಮತ್ತು ಆಕೆಯ ಅಣ್ಣನ ಹೆಂಡತಿ ಲಕ್ಕವ್ವ. ಅಣ್ಣ ಧರೆಪ್ಪ ಮಿಲಿಟರಿಯಲ್ಲಿದ್ದ. ಲಗ್ನದ ಅರಿಶಿಣ ಆರುವ ಮೊದಲೇ ರಜೆ ಮುಗಿದು ಗಡಿಗೆ ಹೋದವನು, ಮತ್ತೆ ಬಂದಿರಲಿಲ್ಲ. ಲಕ್ಕವ್ವನಿಗೆ ಓದಲು ಬರೆಯಲು ಬರುತ್ತಿರಲಿಲ್ಲ. ಮಲಕವ್ವ ಮ್ಯಾಟ್ರಿಕ್, ಗಣಿತದಲ್ಲಿ ಹೋಗಿತ್ತು ಅನ್ನಿ, ಆದರೆ ಕಾದಂಬರಿ ಓದಲು ಗಣಿತ ಬೇಕಾಗುವುದಿಲ್ಲ.

ಆಕೆಯ ಚೀಲದಲ್ಲಿ ಅಂದು ಒಂದು ಕಾದಂಬರಿ ಇತ್ತು. ಸೈಕಲ್ ಬಾಡಿಗೆಗೆ ಕೊಡುವ ಆಬಾಸಾಹೇಬ ಅದೇ ಅಂಗಡಿಯ ಹಲಗೆಯ ಮೇಲೆ ಕಾದಂಬರಿಗಳನ್ನೂ ಇಟ್ಟು ಬಾಡಿಗೆಗೆ ಕೊಡುತ್ತಿದ್ದ.

"ಇದು ಹೆಂಗೈತಿ ಮಾಮಾ?"

"ಓದಿದವರೆಲ್ಲ ಅತ್ತಾರವಾ. ಹಾಳಿ ಮ್ಯಾಲ ಕಣ್ಣೀರಿನ ಕಲಿ ನೋಡು."

"ಅದು ಚಹಾದ ಕಲಿ."

"ಅಳುವವರು ಚಹಾ ಕುಡಿಯೂದಿಲ್ಲೇನು?"

ಎಲ್ಲವೂ ಒಂದೇ ಅಚ್ಚಿನ ಪುಸ್ತಕಗಳು. ಹದಿನೆಂಟರ ಹುಡುಗಿ, ಸತ್ತ ತರುಣ, ಕಿಟಕಿ, ಬೆಳದಿಂಗಳು. ಮಲಕವ್ವ ಒಂದನ್ನೂ ಬಿಡದೆ ಓದುತ್ತಿದ್ದಳು, ಒಂದನ್ನೂ ಬಿಡದೆ ಬೈಯುತ್ತಿದ್ದಳು. ನಾನು ಊರಿಗೆ ಹೋದಾಗೆಲ್ಲ ಆಕೆಯ ಹತ್ತಿರ ದೂರಿನ ಗಂಟು ತಯಾರಿರುತ್ತಿತ್ತು.

"ಅಕ್ಕಾ, ಸತ್ತವನ ಕ್ರಾಪು ಹೆಂಗ ಕೆಡೂದಿಲ್ಲ? ಆ ಹುಡಿಗಿಗೆ ಅವ್ವ ಇಲ್ಲ, ಎಮ್ಮಿ ಇಲ್ಲ, ಸೆಗಣಿ ಬಳಿಯೂದು ಇಲ್ಲ. ದಿನಾ ಕಿಡಕಿಯಾಗ ಕುಂತರ ದೆವ್ವ ಬರದ ಇನ್ನೇನು ಬರ್ತೈತಿ? ಜೀವಂತ ಗಂಡಸು ಸರಿಹೊತ್ತಿಗೆ ಬಂದು ಕಿಡಕಿ ಬಡದರ ಬಡಿಗಿ ತಗೋತೀವಿ. ಸತ್ತವ ಬಂದರ ಮುನ್ನೂರು ಪುಟ ಅಳ್ತೀವಿ!"

"ಮತ್ಯಾಕ ಓದ್ತೀಯೇ?"

ಆಗ ಆಕೆ ದನಿ ತಗ್ಗಿಸಿದ್ದಳು. "ಅರ್ಧದ ತನಕ ಛಲೋ ಇರ್ತಾವ. ಪರದೆ ಅಲುಗತೈತಿ, ಯಾರೂ ಕಾಣೂದಿಲ್ಲ... ಅಲ್ಲಿ ತನಕ. ಅಂವ ಬಾಯಿ ತೆರದಾಂದ್ರ ಕೆಟ್ಟೋತು."

ನಾನು ರೈಲು ನಿಲ್ದಾಣಗಳಲ್ಲಿ ಇಂಥವನ್ನು ಬೇಕಾದಷ್ಟು ಓದಿ ಎಸೆದಿದ್ದೇನೆ. ಇಷ್ಟು ಸರಿಯಾದ ವಿಮರ್ಶೆ ಇನ್ನೊಂದು ಕೇಳಿಲ್ಲ.

ಅಂದಿನ ರಾತ್ರಿಗೆ ಬರೋಣ. ಫಾಟಾದಿಂದ ತೋಟದ ಮನೆಗೆ ಬಂಡಿದಾರಿ. ಎರಡೂ ಕಡೆ ಕಬ್ಬು. ನಡುವೆ ಒಂದು ಪಾಳುಬಾವಿ. ಎತ್ತು ಕಟ್ಟಿ ಚರ್ಮದ ಮೋಟದಲ್ಲಿ ನೀರೆಳೆಯುತ್ತಿದ್ದ ಕಾಲದ್ದು, ಪಂಪು ಬಂದ ಮೇಲೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಕತ್ತಲದಾರಿ ನಡೆಯುವಾಗ ಕತೆ ಹೇಳಿಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಹೇಳುವವರು ಒಬ್ಬರು, ಪ್ರತಿ ಮಾತಿಗೂ "ಹೂಂ" ಅನ್ನುವವರು ಒಬ್ಬರು. ಹೂಂ ನಿಂತರೆ ಕತೆ ನಿಂತಂತೆ. ಇನ್ನೊಂದು ಕಟ್ಟಳೆ: ಹೊಸ್ತಿಲು ದಾಟುವ ಮೊದಲು ಕತೆ ಮುಗಿಸಿ, "ಕತಿ ಕತಿಯವರ ಮನಿಗಿ, ನಾವು ನಮ್ಮ ಮನಿಗಿ" ಅನ್ನಬೇಕು.

ಬಸ್ಸಿನಲ್ಲಿ ಓದಿದಷ್ಟನ್ನು ಮಲಕವ್ವ ಹೇಳತೊಡಗಿದಳು.

"ಆ ಹುಡಿಗಿ ಕಿಡಕಿಗಿ ಬಂದಳು..."

"ಹೂಂ."

"ಹೊರಗ ಯಾರೂ ಇಲ್ಲ..."

"ಹೂಂ."

ಕಬ್ಬಿನ ಗರಿ ಸರಸರ ಅನ್ನುತ್ತಿತ್ತು. ಲಕ್ಕವ್ವನ ಕಾಲುಂಗುರ ಕಲ್ಲಿಗೆ ತಾಗಿ ಟಿಣ್... ಟಿಣ್. ಬಾವಿಯ ಹತ್ತಿರ ಬಂದಾಗ ಆ ಟಿಣ್ ನಿಂತಿತು. ಲಕ್ಕವ್ವ ಹಿಂದೆ ಕೂತು ಕಾಲಿನ ಮುಳ್ಳು ಕೀಳುತ್ತಿದ್ದಳು. ಮಲಕವ್ವನಿಗೆ ಗೊತ್ತಾಗಲಿಲ್ಲ.

"ಆದರೂ ಆಕಿಗಿ ಯಾರೋ ನಿಂತಂಗ ಅನಸ್ತು..."

"ಹೂಂ."

ಮಗ್ಗುಲಿನಿಂದ. ಖಾಲಿ ಕೊಡದ ಬಾಯಿಗೆ ತುಟಿ ಹಚ್ಚಿ ಮೆಲ್ಲಗೆ ಊದಿದ ಹಾಗೆ.

"ಮಲಕಾ, ನಿಂದರ ಬೇ!" ಲಕ್ಕವ್ವ ದೂರದಿಂದ ಕೂಗಿದಳು. "ಮುಳ್ಳು ನಟ್ಟೈತಿ!"

ಆಮೇಲೆ ಇಬ್ಬರೂ ಓಡಿದರು. ಹೊಸ್ತಿಲು ಯಾವಾಗ ದಾಟಿದರೋ ತಿಳಿಯಲಿಲ್ಲ. ಕತೆ ಮುಗಿಸಲಿಲ್ಲ. ಕತೆಯವರನ್ನು ಮನೆಗೆ ಕಳಿಸಲೂ ಇಲ್ಲ.

ಅಜ್ಜಿ ಕೆಂಚವ್ವ ಎದೆ ಬಡಿದುಕೊಂಡಳು. "ಅರ್ಧಾ ಕತಿ ಹೊತ್ಕೊಂಡು ಒಳಗ ಬಂದೀರೇನ, ಬುದ್ಧಿಗೇಡಿಗಳ್ರ್ಯಾ? ಬಾವಿದಂಡಿ ಮ್ಯಾಲಿಂದು! ಈಗ ಪೂರಾ ಓದಿ ಮುಗಸು. ಮುಗಿಯೂತನಕ ಹೋಗೂದಿಲ್ಲ ಅದು."

ಮಲಕವ್ವ ಆ ರಾತ್ರಿಯೇ ಓದಲು ಕೂತಳು. ಕರೆಂಟು ಇರಲಿಲ್ಲ, ಕಂದೀಲು. ಕೂತದ್ದು ಹಿಂದಿನ ಕೋಣೆ. ಅದರ ಮಣ್ಣಿನ ಗೋಡೆಯ ಆಚೆ ಹಿತ್ತಲು, ಹಿತ್ತಲಿನ ಆಚೆ ಕಬ್ಬು. ಆಕೆ ಓದಿದಳು, ಲಕ್ಕವ್ವ ಹೂಂ ಅಂದಳು.

ಗೋಡೆಯ ಆಚೆಯಿಂದಲೂ... ಹೂಂ.

ಪುಸ್ತಕ ದಪ್ಪ. ದಿನಕ್ಕೆ ಸ್ವಲ್ಪ ಸ್ವಲ್ಪ ಸಾಗಿತು. ಮನೆಯ ಗಂಡಸು, ಮಲಕವ್ವನ ಅಪ್ಪ ಲಗಮಣ್ಣ, ಕಬ್ಬಿನ ಗಾಡಿ ಹೊಡೆದುಕೊಂಡು ಕಾರ್ಖಾನೆಯ ಸರದಿಯಲ್ಲಿ ಬಿದ್ದಿದ್ದ. ಮಲಕವ್ವನಿಗೆ ಅಂಜಿಕೆ ಇತ್ತು. ಅದಕ್ಕಿಂತ ದೊಡ್ಡ ಅಂಜಿಕೆ ಬೇರೆ ಹುಟ್ಟಿತು. ಲಕ್ಕವ್ವನಿಗೆ ಅಂಜಿಕೆಯೇ ಇರಲಿಲ್ಲ.

ದಿನದಿನಕ್ಕೂ ಆಕೆ ಗೋಡೆಯ ಹತ್ತಿರ ಹತ್ತಿರ ಸರಿದು ಕೂತಳು. ಊಟ ಬಿಟ್ಟಳು. ಸಂಜೆಯಾದರೆ ತಲೆ ಬಾಚಿ ಹೆರಳು ಹಾಕಿಕೊಂಡಳು. ಒಂದು ಮುಂಜಾನೆ ಆಕೆಯ ಸೀರೆಯ ಅಂಚು ಮೊಣಕಾಲಿನವರೆಗೆ ತೊಯ್ದಿತ್ತು. ಹಸಿರು ಪಾಚಿ ಅಂಟಿತ್ತು.

"ವೈನೀ, ಬಾವಿಗಿ ಹೋಗಿದ್ದೇನು?" ಮಲಕವ್ವ ಅತ್ತಿಗೆಯನ್ನು ಕೇಳಿದಳು.

"ಎರಡ ಮೆಟ್ಟಲಾ ಇಳದಿದ್ನಿ, ಅಷ್ಟ."

"ಹುಚ್ಚಿಯೇನು ನೀ? ಗೋಡಿ ಹಿಂದ ಯಾರದಾರಂತ ಗೊತ್ತೈತೇನು?"

ಲಕ್ಕವ್ವ ನಕ್ಕಳಂತೆ. "ಯಾರರ ಇರಲಿ. ನಿಮ್ಮಣ್ಣ ಇದ್ದಾಗ ರಾತ್ರೆಲ್ಲಾ ಒಬ್ಬಾಕೀನ ಮಾತಾಡಿದ್ನಿ, ಮಲಕಾ. ಒಂದರ ಸಲ ಹೂಂ ಅನ್ನಲಿಲ್ಲ ಆ ಮನಷ್ಯಾ. ಇದು ಅಂತೈತಲ್ಲ."

 

ಮಲಕವ್ವ ಹಗಲಿನಲ್ಲಿ ಕದ್ದು ಕೊನೆಯ ಅಧ್ಯಾಯ ನೋಡಿದಳು. ಊಹಿಸಿದ್ದೇ ಇತ್ತು. ಸತ್ತವನು ಕರೆಯುತ್ತಾನೆ. ಹುಡುಗಿ ಬೆಳದಿಂಗಳಲ್ಲಿ ಕೆರೆಗೆ ಇಳಿಯುತ್ತಾಳೆ. ನೀರು ಮುಚ್ಚಿಕೊಳ್ಳುತ್ತದೆ. ಅಮರ ಪ್ರೇಮ, ಮುಗಿಯಿತು. ಬರೆದವರು ಯಾರೋ ಎಲ್ಲೋ ಫ್ಯಾನಿನ ಕೆಳಗೆ ಕೂತು ಬರೆದದ್ದು. ಅವರೇನೂ ಕೆರೆಗೆ ಇಳಿದಿರಲಿಕ್ಕಿಲ್ಲ. ಇಲ್ಲಿ ಮಾತ್ರ ಒಬ್ಬಳು ಆಗಲೇ ಎರಡು ಮೆಟ್ಟಿಲು ಇಳಿದಿದ್ದಳು.

ಮುಗಿಸದಿದ್ದರೆ ಅದು ಹೋಗುವುದಿಲ್ಲ. ಇದ್ದ ಹಾಗೆ ಮುಗಿಸಿದರೆ ಲಕ್ಕವ್ವ ಹೋಗುತ್ತಾಳೆ.

ಕೊನೆಯ ರಾತ್ರಿ ಅಜ್ಜಿ ಮುಂದಿನ ಪಡಸಾಲೆಯಲ್ಲಿ ಮಲಗಿದ್ದಳು. ಮಲಕವ್ವ ಹಿಂದಿನ ಕೋಣೆಯ ಕದ ಹಾಕಿ ಅಗಳಿ ಜಡಿದಳು. ಪುಸ್ತಕ ತೆರೆದಳು. ಕಣ್ಣು ಪುಟದ ಮೇಲೆ, ಮಾತು ತನ್ನವು.

"ಅಂವ ಕರದಾ. ಹುಡಿಗಿ ಕಿಡಕಿ ಹಾಕಿದಳು."

ಲಕ್ಕವ್ವ ಹೂಂ ಅನ್ನಲಿಲ್ಲ. ಗೋಡೆಯೂ ಅನ್ನಲಿಲ್ಲ.

"ಮುಂದ ಆಕಿ ಒಬ್ಬ ಕಂಪೌಂಡರನ ಲಗ್ನ ಆದಳು. ಎರಡು ಎಮ್ಮಿ ಕಟ್ಟಿದಳು. ದಪ್ಪ ಆದಳು..."

ಆಚೆಗೆ ಗುಳುಕ್ ಅಂದಿತು. ತುಂಬಿದ ಬಾವಿಯಲ್ಲಿ ಕೊಡ ಮುಳುಗುವಾಗ ಆಗುತ್ತದಲ್ಲ, ಆ ಸದ್ದು. ಅದರ ಒಳಗಿನಿಂದ ಮಾತು ಬಂತು.

"ಹಂಗಲ್ಲ."

ಕಂದೀಲಿನ ಬತ್ತಿ ಚಿಟ್ ಅಂದಿತು.

ಮಲಕವ್ವ ಇನ್ನೊಮ್ಮೆ ಓದಿದಳು. ಹುಡುಗಿ ಕಿಟಕಿ ಹಾಕಿದಳು...

"ಹಂಗಲ್ಲ."

ಲಕ್ಕವ್ವ ಎದ್ದು ನಿಂತಳು. ಕೈ ಅಗಳಿಯ ಕಡೆ ಹೋಯಿತು. ನಿದ್ದೆಯಲ್ಲಿ ನಡೆಯುವವರ ಮುಖ ನೋಡಿದ್ದೀರಾ? ಹಾಗಿತ್ತಂತೆ.

"ಆಗ ನನಗ ಸಿಟ್ಟು ಬಂತು, ಅಕ್ಕಾ," ಅಂದಳು ಮಲಕವ್ವ ನನ್ನ ಹತ್ತಿರ. "ಖರೇನ ಸಿಟ್ಟು. ಇಷ್ಟು ಕಾದಂಬರಿ ಓದೀನಿ, ಯಾವ ದೆವ್ವಾನೂ ನನಗ ಕತಿ ತಿದ್ದಿರಲಿಲ್ಲ."

ಗೋಡೆಗೆ ಮುಖ ಮಾಡಿ ಕೇಳಿದಳು. "ಹಂಗಲ್ಲ ಅಂದ್ರ ಹೆಂಗ? ನೀನ ಹೇಳು ನೋಡೂಣು."

ಆಚೆಗೆ ಮತ್ತೆ ಗುಳುಕ್ ಅಂದಿತು. ಆಮೇಲೆ...

"ಒಬ್ಬಾಕಿ ಇದ್ದಳು..."

ಅಷ್ಟು ಹೇಳಿ ಅದು ನಿಂತಿತು. ಕಾಯಿತು.

ಆ ಕಾಯುವುದರಲ್ಲಿ ಮಲಕವ್ವನಿಗೆ ತಾನು ಮಾಡಬೇಕಾದ್ದು ಹೊಳೆಯಿತು. ಅದೂ ನಮ್ಮ ಕಡೆಯದೇ. ಅದಕ್ಕೂ ಕಟ್ಟಳೆ ಗೊತ್ತಿದೆ. ಹೂಂ ಇಲ್ಲದೆ ಅದು ಒಂದು ಮಾತೂ ಮುಂದೆ ಇಡಲಾರದು.

ಲಕ್ಕವ್ವನ ತುಟಿ ಆಗಲೇ ಅಲುಗುತ್ತಿತ್ತು. ಮಲಕವ್ವ ಹಾರಿ ಆಕೆಯ ಬಾಯಿ ಮುಚ್ಚಿದಳು. ಲಕ್ಕವ್ವ ಅಂಗೈ ಕಚ್ಚಿದಳು. ಇಬ್ಬರೂ ನೆಲಕ್ಕೆ ಬಿದ್ದರು. ಮಲಕವ್ವ ಆಕೆಯ ಎದೆಯ ಮೇಲೆ ಕೂತಳು.

"ಒಬ್ಬಾಕಿ ಇದ್ದಳು..."

ಹೂಂ ಅನ್ನದೆ ಇರುವುದು ಸುಲಭ ಅಂದುಕೊಂಡಿರಾ? ತೊಟ್ಟಿಲಿನಿಂದ ಹೂಂ ಅಂದು ಬೆಳೆದ ಗಂಟಲು. ಬೇಡವೆಂದರೂ ಅದು ಎದೆಯಿಂದ ಮೇಲೆ ಏರಿ ಬರುತ್ತಿತ್ತು, ಬಿಕ್ಕಳಿಕೆಯ ಹಾಗೆ. ಮಲಕವ್ವ ಸೆರಗು ಬಾಯಿಗೆ ತುರುಕಿಕೊಂಡಳು.

"ಒಬ್ಬಾಕಿ ಇದ್ದಳು..."

"ಹೂಂ."

ಪಡಸಾಲೆಯಿಂದ. ಕೆಂಚವ್ವ! ಮುದುಕಿ ನಿದ್ದೆಗಣ್ಣಿನಲ್ಲಿ, ಮಗ್ಗಲು ಬದಲಿಸುತ್ತ, ಹಳೇ ರೂಢಿಯಿಂದ ಅಂದುಬಿಟ್ಟಿದ್ದಳು.

ಗೋಡೆ ಉಸಿರು ಎಳೆದುಕೊಂಡ ಹಾಗಾಯಿತು.

"ಆಕಿ ಬಾವಿಗಿ ಬಂದಳು..."

ಲಕ್ಕವ್ವ ನೆಲದಿಂದ ಎದ್ದೇ ಬಿಟ್ಟಳು, ಮೇಲಿದ್ದ ಮಲಕವ್ವನ ಸಮೇತ. ಕೃಶ ಹೆಂಗಸು, ಆ ಬಲ ಎಲ್ಲಿಂದ ಬಂತೋ. ಮಲಕವ್ವ ಆಕೆಯ ಹೆರಳನ್ನು ಕೈಗೆ ಸುತ್ತಿ ಹಿಡಿದು ಕಂಬಕ್ಕೆ ಕಾಲು ಕೊಟ್ಟಳು. ಪಡಸಾಲೆಯ ಕಡೆ ಕಿವಿ ಇಟ್ಟಳು. ಇನ್ನೊಂದು ಹೂಂ ಬಂದರೆ ಮುಗಿಯಿತು. ಮುದುಕಿ ಗೊರ್... ಅಂದಳು. ಗೊರಕೆ. ದೇವರೇ, ಗೊರಕೆ.

"ಆಕಿ ಬಾವಿಗಿ ಬಂದಳು..."

ಕಾಯಿತು.

"ಆಕಿ ಬಾವಿಗಿ ಬಂದಳು..."

ರಾತ್ರಿಯಿಡೀ ಅದೇ ಒಂದು ಮಾತು. ಮೊದಲು ಕೇಳುವ ಹಾಗೆ. ಆಮೇಲೆ ಬೇಡುವ ಹಾಗೆ. ಬೆಳಗಿನ ಜಾವಕ್ಕೆ ಅಳುವ ಹಾಗೆ. ಮಲಕವ್ವನಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತಂತೆ. ಯಾರಾದರೂ ಒಬ್ಬರು ಹೂಂ ಅಂದರೆ ಸಾಕು ಅಂತ ಅಳುವವರನ್ನು ಕೇಳಿಯೂ ಸುಮ್ಮನಿರುವುದು.

ದೂರದ ಹೊಲದಲ್ಲಿ ಡೀಸೆಲ್ ಪಂಪು ಟುಕು ಟುಕು ಅಂತ ಶುರುವಾಯಿತು. ಮಾತು ನಿಂತಿತು. ಲಕ್ಕವ್ವನ ಮೈ ಸಡಿಲವಾಯಿತು.

"ಕೂದಲಾ ಬಿಡ ಬೇ," ಅಂದಳು. "ನೋಯಾಕತ್ತೈತಿ."

ಮಲಕವ್ವ ಸೆರಗು ಬಾಯಿಂದ ತೆಗೆದು, ತಾನು ಹೇಳಿದ್ದೇ ಕೊನೆ ಅಂತ ಪುಸ್ತಕ ಮುಚ್ಚಿ, "ಕತಿ ಕತಿಯವರ ಮನಿಗಿ, ನಾವು ನಮ್ಮ ಮನಿಗಿ" ಅಂದಳು. ಆಮೇಲೆ ಅತ್ತಳು.

ಲಕ್ಕವ್ವ ಉಳಿದಳು. ಅಂದು ಎರಡು ರೊಟ್ಟಿ ತಿಂದಳು. ಮಲಕವ್ವ ಅಣ್ಣನಿಗೆ ತಂತಿ ಹೊಡೆಸಿದಳು. ಧರೆಪ್ಪ ಬಂದು ಹೆಂಡತಿಯನ್ನು ಕರೆದುಕೊಂಡು ಹೋದ. ಊರು ಬಿಡುವಾಗ ತಂಗಿ ಅವನಿಗೆ ಒಂದೇ ಮಾತು ಹೇಳಿದಳಂತೆ: "ಅಣ್ಣಾ, ವೈನಿ ಮಾತಾಡಿದಾಗ ಬಾಯಿ ತೆರಿ." ಅವನಿಗೆ ಏನು ತಿಳಿಯಿತೋ. ಮಲಕವ್ವ ಕಾದಂಬರಿ ಓದುವುದನ್ನು ಬಿಡಲಿಲ್ಲ. ಬೈಯುವುದನ್ನೂ.

ಇದನ್ನೆಲ್ಲ ಮೊದಲೇ ಹೇಳಿಬಿಟ್ಟೆ. ಯಾಕೆಂದರೆ ಆ ಮುಂಜಾನೆಯ ಇನ್ನೊಂದು ಸಂಗತಿ ಉಳಿದಿದೆ.

ಬೆಳಕು ಹರಿದ ಮೇಲೆ ಇಬ್ಬರೂ ಹಿತ್ತಲಿಗೆ ಹೋದರು. ಕಾರ್ತಿಕದ ಇಬ್ಬನಿ. ನೆಲ, ಹುಲ್ಲು, ಬೆರಣಿ ಕುಳ್ಳಿನ ಬಣವೆ, ಎಲ್ಲವೂ ತೊಯ್ದು ಬೆಳ್ಳಗಾಗಿತ್ತು. ಗೋಡೆಯ ಬುಡದಲ್ಲಿ ಮಾತ್ರ ನೆಲ ಒಣಗಿತ್ತು. ಯಾರೋ ರಾತ್ರಿಯಿಡೀ ಕೂತು ಎದ್ದರೆ ಹೇಗೆ ಒಣಗಿರುತ್ತದೋ, ಹಾಗೆ. ಎರಡು ಕಡೆ. ಒಂದಕ್ಕೊಂದು ತಾಗಿಕೊಂಡು. ಒಂದು ದೊಡ್ಡದು... ಒಂದು ಸಣ್ಣದು. ಸಣ್ಣದು ಕೂಸಿನಷ್ಟು. ಬಾವಿಗೆ ಬಂದಾಕೆ ಒಬ್ಬಳೇ ಬಂದಿರಲಿಲ್ಲ.

ಲಕ್ಕವ್ವ ಅದನ್ನು ನೋಡುತ್ತ ನಿಂತಳು. ಕೈ ಹೊಟ್ಟೆಯ ಮೇಲೆ ಹೋಯಿತಂತೆ.  

ಮಲಕವ್ವ ಈಗಲೂ ಅಥಣಿಯಲ್ಲಿದ್ದಾಳೆ. ಬೇಕಾದರೆ ಹೋಗಿ ಕೇಳಿ. ನಾನು ಕಟ್ಟಿ ಹೇಳುವುದಾಗಿದ್ದರೆ ಒಂದೇ ಇತ್ತು ಅಂತಿದ್ದೆ, ಅಷ್ಟಕ್ಕೇ ಕತೆ ಚೊಕ್ಕವಾಗುತ್ತಿತ್ತು. ಎರಡಿದ್ದವು. ಖರೇನ ಎರಡಿದ್ದವು.