ಒಂಬತ್ತನೆಯ ದಿನದ ಪ್ಲೇಟು

ವೇದಿಕೆಯ ಮೇಲಿರುವ ಮುಖ್ಯಸ್ಥರೇ, ಪ್ರಯೋಗಾಲಯದ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಯಜಮಾನರೇ, ಮಗಳೇ — ಎಲ್ಲರಿಗೂ ನಮಸ್ಕಾರ. ಮೇಡಂ ಅವರ ಈ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಲು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಸ್ವಲ್ಪ ಜಾಸ್ತಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೇಡಂಗೆ ನಾವು ಇಟ್ಟಿದ್ದ ಹೆಸರು 'ಕಾಯೋಣಮ್ಮ'. ಅವರಿಗೂ ಗೊತ್ತಿತ್ತು. ಫಲಿತಾಂಶ ಚೆನ್ನಾಗಿದೆಯಲ್ಲ ಮೇಡಂ? "ಕಾಯೋಣ." ಲೇಖನ ಕಳಿಸೋಣವೇ? "ಕಾಯೋಣ." ತಾಳಿದವನು ಬಾಳಿಯಾನು ಅಂತ ನಾವು ರಾಗ ಎಳೆದು ರೇಗಿಸುತ್ತಿದ್ದೆವು. ಹೊಸ ಚಪ್ಪಲಿ ತಂದರೆ ಎಂಟು ದಿನ ಮನೆಯೊಳಗೇ ಹಾಕಿಕೊಂಡು ಓಡಾಡುತ್ತಿದ್ದರು — ನಿಜ ತಾನೇ ಸಾರ್? ಯಜಮಾನರು ತಲೆಯಾಡಿಸುತ್ತಿದ್ದಾರೆ. ಯಾಕೆ ಮೇಡಂ ಹೀಗೆ ಅಂತ ಕೇಳಿದ್ದಕ್ಕೆ ನನಗೆ ಹೇಳಿದ್ದರು: "ಅಂಗಡೀಲಿ ಯಾವ ಚಪ್ಪಲೀನೂ ಕಚ್ಚಲ್ಲ ಕಣ್ರೀ."

ಮನೆಯವರಿಗಾಗಿ ಅವರ ಕೆಲಸವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕೆಟ್ಟ ಜೀನ್ ಇರುವ ಜೀವಕೋಶದೊಳಕ್ಕೆ ಒಳ್ಳೆಯ ಜೀನ್ ಕಳಿಸಬೇಕು. ಬೇರೆಯವರು ವೈರಸ್ಸಿನ ಬೆನ್ನೇರಿಸಿ ಕಳಿಸುತ್ತಾರೆ. ನಾವು ವೈರಸ್ಸೇ ಬೇಡ ಎಂದವರು. ಆದರೆ ಬರಿಮೈ ಜೀನನ್ನು ಕೋಶ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಪಾಲಿಮರಿನ ಲೇಪ ಹಚ್ಚುತ್ತೇವೆ — ಪಾಲಿಮರ್ ಅಂದರೆ ಪ್ಲಾಸ್ಟಿಕ್ಕಿನ ನೆಂಟ ಅಂದುಕೊಳ್ಳಿ. ಆ ಲೇಪ ಕೋಶದ ಮೈಗೆ ಅಂಟುತ್ತದೆ, ಒಳಗೆ ಹೋಗುತ್ತದೆ. ಹೋದಮೇಲೆ ಕರಗಬೇಕು. ಕರಗಲೇಬೇಕು. ಕರಗದಿದ್ದರೆ ಏನು ಗತಿ — ಅಂತ ನಮ್ಮಲ್ಲಿ ಕೇಳಿದವರು ಅವರೊಬ್ಬರೇ.

ಹಳೆಯ ಲೇಪದಲ್ಲಿ ನೂರಕ್ಕೆ ಹತ್ತು ಕೋಶಗಳಿಗೆ ಜೀನ್ ತಲುಪುತ್ತಿತ್ತು. ಹೊಸ ಲೇಪದಲ್ಲಿ ಎಂಬತ್ತು! ಜೀನ್ ತಲುಪಿದ ಕೋಶ ಹಸಿರಾಗಿ ಹೊಳೆಯುತ್ತದೆ. ಕೋಶ ಬೆಳೆಸುವ ಇಡೀ ಪ್ಲೇಟು ಹಸಿರು. ಆ ದಿನ ನಾವು ಕುಣಿದಾಡಿದೆವು. ಮೇಡಂ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಾ "ಕಾಯೋಣ" ಎಂದರು.

ನಮ್ಮಲ್ಲಿ ಒಂದು ರೂಢಿ ಇದೆ. ಎರಡನೆಯ ದಿನ ಹಸಿರು ಕೋಶಗಳನ್ನು ಎಣಿಸುವುದು, ಫೋಟೋ ತೆಗೆಯುವುದು, ಪ್ಲೇಟನ್ನು ಬ್ಲೀಚಿಗೆ ಹಾಕಿ ಎಸೆಯುವುದು. ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ನನ್ನ ಸುಪರ್ದಿಯಲ್ಲಿದೆ. ಅದರಲ್ಲಿ ಯಾವಾಗಲೂ ಜಾಗ ಸಾಲದು. ಮೇಡಂ ಚೀಟಿ ಅಂಟಿಸಿ ಇಟ್ಟರು: 'ಒಂಬತ್ತನೆಯ ದಿನದವರೆಗೆ ಎಸೆಯಬೇಡಿ.' ಮೂರು ಸಲ ಇಟ್ಟರು. ಮೂರು ಸಲವೂ ಎಸೆದವನು ನಾನು. ಈ ಕೈಯಿಂದ — ಈ ಕೈಯಿಂದಲೇ. "ಪರವಾಗಿಲ್ಲ ಬಿಡಿ, ಮತ್ತೆ ಹಾಕ್ತೀನಿ" ಎಂದರು. ಒಂದು ಸಲ ಬೈದಿದ್ದರೂ ಸಾಕಿತ್ತು.

ಆಮೇಲೆ ರೋಗಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೇಳಿ ವರದಿ ಬರೆದೆವು. 'ಯಾವ ಹಾನಿಯೂ ಕಂಡುಬಂದಿಲ್ಲ.' ಸುಳ್ಳಲ್ಲ. ಎರಡನೆಯ ದಿನದ ಆಚೆಗೆ ಕಣ್ಣು ಹಾಯಿಸದವರಿಗೆ ಏನು ಕಂಡೀತು? ಮೂರು ಸಹಿ ಬೇಕಿತ್ತು, ಮೇಡಂ ಸಹಿ ಹಾಕಲಿಲ್ಲ. ಹೋದ ವಾರ ಮಂಗಳವಾರ ಮಧ್ಯಾಹ್ನ ನಾಲ್ಕನೆಯ ಸಲ ಪ್ಲೇಟು ಹಾಕಿ, ಕೈ ತೊಳೆದು, ಬ್ಯಾಗು ತೆಗೆದುಕೊಂಡು ಹೊರಟರು. ಬಸ್ ನಿಲ್ದಾಣದಲ್ಲಿ ಹೃದಯ ನಿಂತಿತು. ಗುರುವಾರ ವರದಿಯಲ್ಲಿ ಅವರ ಜಾಗ ಖಾಲಿ ಇತ್ತು. ಮುಖ್ಯಸ್ಥರು ಪೆನ್ನು ಕೊಟ್ಟರು. 'ಅವರ ಪರವಾಗಿ' ಎಂದು ಬರೆದು ನಾನು ಸಹಿ ಹಾಕಿದೆ.

ಮುಖ್ಯಸ್ಥರೇ, ಗಡಿಯಾರ ನೋಡಬೇಡಿ. ಇನ್ನು ಸ್ವಲ್ಪವೇ ಇದೆ.

ಅದೇ ದಿನ ಆ ಪ್ಲೇಟುಗಳನ್ನು ಎಸೆಯಬೇಕಿತ್ತು. ಕೈ ಬರಲಿಲ್ಲ. ವಿಜ್ಞಾನಕ್ಕಾಗಿ ಅಲ್ಲ — ಚೀಟಿಯ ಮೇಲೆ ಅವರ ಅಕ್ಷರ ಇತ್ತು, ಅಷ್ಟೇ.

ಇವತ್ತು ಒಂಬತ್ತನೆಯ ದಿನ. ಇಲ್ಲಿಗೆ ಬರುವ ಮುಂಚೆ ನೋಡಿ ಬಂದೆ. ಹಳೆಯ ಲೇಪದ ಕೋಶಗಳು ತಳಕ್ಕೆ ಅಂಟಿಕೊಂಡು ಸುಖವಾಗಿವೆ. ಹೊಸ ಲೇಪದ ಪ್ಲೇಟಿನಲ್ಲಿ — ತಳ ಖಾಲಿ. ಕೋಶಗಳೆಲ್ಲ ಸತ್ತು, ತಳ ಬಿಟ್ಟು, ಮುದುರಿ, ಮೇಲೆ ತೇಲುತ್ತಿವೆ. ಕೆಲವು ಇನ್ನೂ ಹಸಿರಾಗಿ ಹೊಳೆಯುತ್ತಿವೆ.

ಒಂದು ಪ್ಲೇಟಿನಿಂದ ಎಲ್ಲ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ವರದಿಯ ಬಲದ ಮೇಲೆ ಸೋಮವಾರ ಬೆಳಿಗ್ಗೆ ಹೊಸ ಲೇಪದ ಮೊದಲ ಚುಚ್ಚುಮದ್ದು. ರೋಗಿಗಳ ಪಟ್ಟಿಯಲ್ಲಿ ಮೊದಲನೆಯವಳು ಬಟ್ಟೆ ಹೊಲಿಯುವವಳು. ತೋಳಿನ ಸ್ನಾಯು ಸವೆಯುತ್ತಿದೆ, ಕತ್ತರಿ ಹಿಡಿಯಲಾಗುತ್ತಿಲ್ಲ. ನಮ್ಮ ಬಾಗಿಲಿಗೆ ಬಂದಾಗ ಮೇಡಂ ಅವರ ಕೈ ಹಿಡಿದುಕೊಂಡು, "ಇದು ಅಪಾಯ ಇಲ್ಲ ಅಲ್ವಾ ಅಕ್ಕಾ?" ಎಂದು ಕೇಳಿದ್ದಳು. ಎರಡನೆಯ ದಿನ ಅವಳು ನಮಗೆಲ್ಲ ಕೈಮುಗಿಯುತ್ತಾಳೆ, ನೋಡುತ್ತಿರಿ. ಒಂಬತ್ತನೆಯ ದಿನ? ಪ್ಲೇಟು ಕೆಟ್ಟರೆ ಎಸೆಯಬಹುದು. ತೋಳನ್ನು ಎಸೆಯುವುದಕ್ಕಾಗುತ್ತದೆಯೇ?

ಮಗಳೇ, ನಿಮ್ಮ ಅಮ್ಮನ ಪರವಾಗಿ ಸಹಿ ಹಾಕುವ ಯೋಗ್ಯತೆ ನನಗಿರಲಿಲ್ಲ. ನಿಮ್ಮೆಲ್ಲರ ಎದುರಿಗೆ ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಉಳಿದಿರುವ ಸಹಿಗಳು ಎರಡು. ಹಾಕಿದವರು ಈ ಕೋಣೆಯಲ್ಲೇ ಇದ್ದಾರೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅವರಿಗಾಗಿ ಒಂದು ನಿಮಿಷ ಮೌನ — ಒಂದೇ ನಿಮಿಷ. ಅದಕ್ಕಿಂತ ಹೆಚ್ಚಾಗಿ ನಾವು ಈಗಾಗಲೇ ಸುಮ್ಮನಿದ್ದೇವೆ. ನಿಮಿಷ ಮುಗಿದಮೇಲೆ ಯಾರೂ ಕುಳಿತುಕೊಳ್ಳಬೇಡಿ. ಹಾಗೇ ನನ್ನ ಜೊತೆ ಮೂರನೆಯ ಮಹಡಿಗೆ ಬನ್ನಿ. ಪ್ಲೇಟು ಅಲ್ಲೇ ಇದೆ. ಈ ಸಲ ನಾನು ಎಸೆದಿಲ್ಲ.