ಅಕನಿಸಿ ಹತ್ತದ ದೋಣಿ

...ಅಲ್ಲ ಭಾವ, ನಾನು ಹೇಳೋದು ಕೇಳು. ನೀನು ನೆರಳಿಗೆ ಹೋಗಿ ಕೂತ್ಕೋ. ಅಕ್ಕ ಮರಗೆಣಸು ಬೇಯಿಸ್ತಿದ್ದಾಳೆ, ಬಿಸಿಬಿಸಿ ತಿಂದು ಬಾ. ನಿನ್ನ ದೋಣಿ ಮೋಟಾರನ್ನ ನಾನೊಬ್ಬನೇ ನೋಡ್ತೀನಿ. ಇಬ್ಬರು ಗಂಡಸರು ಬಗ್ಗಿ ನೋಡ್ತಾ ನಿಂತ್ರೆ ಯಾವ ಮೋಟಾರೂ ರಿಪೇರಿ ಆಗಲ್ಲ!

ಹೋಗಲ್ವಾ? ಸರಿ, ನಿಂತ್ಕೋ. ನಮ್ಮ ಕಿತಿಯೋನೆ ಭಾವ ಮೊಂಡ ಅನ್ನೋದು ದ್ವೀಪಕ್ಕೆಲ್ಲಾ ಗೊತ್ತು.

ಹಗ್ಗ ಎಳೀತೀನಿ, ಸರಿ ಆಚೆ. ...ಹಾಂ, ಮೋಟಾರು ಶುರುವಾಯ್ತು! ಅದರ ಬುಡ ಮುಳುಗೋಷ್ಟು ನೀರು ಡ್ರಮ್ಮಲ್ಲಿದೆ. ಈಗ ಹಿಂದಿನ ತೂತು ನೋಡು. ಜೋರಾಗಿ ಚಿಮ್ಮಬೇಕು ನೀರು. ಬರ್ತಿರೋದು? ತೊಟ್ಟು ತೊಟ್ಟು! ನಿನ್ನ ವಯಸ್ಸಿನವರು ಬೆಳಿಗ್ಗೆ ಎದ್ದು ಮರದ ಬುಡಕ್ಕೆ ನಿಂತ ಹಾಗೆ!

...ನಗಲ್ವಾ? ಬೇರೆ ದಿನ ಆಗಿದ್ರೆ ನೀನು ನನ್ನ ಅಪ್ಪ ಅಜ್ಜನ ತನಕ ಹೋಗಿ ಬೈದು ಬರ್ತಿದ್ದೆ. ಸರಿ ಬಿಡು.

ಮುಟ್ಟಬೇಡ, ಸುಡುತ್ತೆ! ಆರಿಸ್ದೆ ನೋಡು. ಒಳಗೆ ನೀರು ಸುತ್ತದಿದ್ರೆ ಕಾಯದೆ ಇನ್ನೇನಾಗುತ್ತೆ? ಇದು ಉಪ್ಪು, ಭಾವ. ನೂರಕ್ಕೆ ನೂರು ಉಪ್ಪು. ಹಳೇ ಮೋಟಾರು, ನಿನಗೆ ಮಾರಿದವನು ಒಂದು ದಿನವೂ ಸಿಹಿನೀರಲ್ಲಿ ತೊಳೆದಿರಲ್ಲ. ತಂತಿ ಹಾಕಿ ತೂತು ಕೆರೆದರೆ ಆಯ್ತು. ಇಲ್ಲಾಂದ್ರೆ ನೀರು ಎಳೆಯೋ ಬಾಯಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿರುತ್ತೆ... ಇಲ್ಲ, ಏನೂ ಇಲ್ಲ. ಹಾಗಾದ್ರೆ ಬಿಸಿ ನೋಡಿ ನೀರು ಬಿಡೋ ಥರ್ಮೋಸ್ಟಾಟ್ ಕೆಟ್ಟಿರಬೇಕು. ಅದನ್ನ ಕಿತ್ತು ಬಿಸಾಕು, ಅದಿಲ್ಲದೆಯೂ ಓಡುತ್ತೆ.

ಅಯ್ಯೋ, ಸ್ಪ್ಯಾನರ್ ಯಾಕೆ? ಕೆಳಗಿನ ಭಾಗ ಬಿಚ್ಚೋದು ಬೇಡ! ಬೋಲ್ಟು ತುಕ್ಕು ಹಿಡಿದಿರುತ್ತೆ, ಮುರಿದು ಕೂತ್ಕೊಳ್ಳುತ್ತೆ. ಬಿಚ್ಚಿ ಏನು ನೋಡ್ತೀಯ? ನೀರೆತ್ತೋ ಪಂಪಿನ ರಬ್ಬರ್ ಚಕ್ರದ ಎರಡು ರೆಕ್ಕೆ ಕಿತ್ತು ಹೋಗಿದೆ, ಉಳಿದದ್ದು ಮರಗಟ್ಟಿದೆ, ಅದನ್ನ ನೋಡಿ ನೀನೇನು...

...ಯಾಕೆ? ಸ್ಪ್ಯಾನರ್ ಯಾಕೆ ಕೆಳಗಿಟ್ಟೆ?

ನಾನೇನಂದೆ ಈಗ?

...ಹೌದು. ಇನ್ನೂ ಒಂದು ಬೋಲ್ಟೂ ಬಿಚ್ಚಿಲ್ಲ. ಅಂದಾಜು, ಭಾವ! ಇಷ್ಟು ವರ್ಷ ಮೋಟಾರು ನೋಡಿದವನು, ಅಷ್ಟೂ ಗೊತ್ತಾಗಲ್ವಾ? ...ಹಾಗೆ ನೋಡಬೇಡ. ಬೈಯಿ. ಏನಾದ್ರೂ ಅನ್ನು!

ಅದು ನನ್ನ ಚಕ್ರ. ನನ್ನ ಮೋಟಾರಿಂದು. ಆಯ್ತಾ? ನೀನು ತೋಟಕ್ಕೆ ಹೋಗಿದ್ದಾಗ ಬಿಚ್ಚಿ ನಿನ್ನ ಒಳ್ಳೇದನ್ನ ತಗೊಂಡೆ, ನನ್ನ ಹಾಳಾದ್ದನ್ನ ಇದರಲ್ಲಿ ಕೂರಿಸಿದೆ. ನಮ್ಮ ಚರ್ಚಿಗೆ ಬರೋ ಪಾದ್ರಿಗಳನ್ನ ನನ್ನ ದೋಣಿಯಲ್ಲೇ ಕರ್ಕೊಂಡು ಬರ್ತೀನಿ ಅಂತ ಎಲ್ಲರ ಮುಂದೆ ಕೊಚ್ಚಿಕೊಂಡಿದ್ನಲ್ಲ. ಸಾಮಾನು ತರೋ ಹಡಗು ಬಂದ ಕೂಡಲೆ ಹೊಸದು ಹಾಕಿ ಮುಚ್ಚಿಬಿಡೋಣ ಅಂದ್ಕೊಂಡೆ. ಹಡಗು ಬರಲಿಲ್ಲ. ನೀನು ಮಗಳು ಅಕನಿಸಿನ ಲಕೆಂಬಾ ದ್ವೀಪದ ಶಾಲೆಗೆ ಬಿಡೋಕೆ ಹೊರಟೇಬಿಟ್ಟೆ. ನನಗೊಂದು ಮಾತು ಹೇಳಿದ್ರೆ...

ಇಲ್ಲ. ಇಲ್ಲ, ನಿನ್ನ ತಪ್ಪಲ್ಲ.

ಗೊತ್ತು, ಕೇಳಿದ್ರೆ ನೀನು ಕೊಡ್ತಿದ್ದೆ. ನಮ್ಮಲ್ಲಿ ಕೇಳಿದವನಿಗೆ ಇಲ್ಲ ಅಂದೋರು ಯಾರಿದ್ದಾರೆ? ಕೊಟ್ಟು, ಸಂಜೆ ಯಂಗೋನ ಬೇರಿನ ರಸ ಕುಡಿಯೋಕೆ ಕೂತಾಗ ಎಲ್ಲರೆದುರು ಶುರು ಮಾಡ್ತಿದ್ದೆ: 'ನೋಡ್ರಪ್ಪಾ, ಊರಿನ ದೊಡ್ಡ ಮೆಕ್ಯಾನಿಕ್, ತನ್ನ ಮೋಟಾರಿಗೇ ಭಾವನ ಹತ್ರ ಭಿಕ್ಷೆ!' ಆ ನಗುವಿಗೆ ಹೆದರಿದೆ ಭಾವ. ಬರೀ ಅಷ್ಟಕ್ಕೆ! ಥೂ, ನನ್ನ ಜನ್ಮಕ್ಕೆ...

ಅವಳು ಯಾರು ಹೇಳು? ನನ್ನ ಅಕ್ಕನ ಮಗಳು. ನಮ್ಮ ಕಟ್ಟಳೆಯಲ್ಲಿ ನನ್ನ ಮನೆಯಿಂದ ಏನು ಬೇಕಾದ್ರೂ ಕೇಳದೆ ಎತ್ಕೊಂಡು ಹೋಗೋ ಹಕ್ಕಿರೋಳು. ನನ್ನ ಹಂದಿ ಅವಳದು, ನನ್ನ ಬಲೆ ಅವಳದು. ಸೋದರಮಾವ ಅನ್ನಿಸ್ಕೊಂಡು ನಾನು ಅವಳ ದೋಣಿಯಿಂದಲೇ ಕದ್ದೆ. ಬಂಡೆಸಾಲಿನ ಆಚೆ ಮೋಟಾರು ನಿಂತು, ಅಲೆ ಒಳಗೆ ಬರ್ತಾ, ಅವಳು ಬಕೆಟ್ಟಲ್ಲಿ ನೀರು ಎತ್ತಿ ಎತ್ತಿ ಚೆಲ್ತಾ...

ನಾನೇ ನಿಮ್ಮನ್ನ ಹುಡುಕ್ಕೊಂಡು ಬಂದೆ, ಹೌದು. ನಿಮ್ಮ ದೋಣಿನ ದಡಕ್ಕೆ ಎಳ್ಕೊಂಡು ಬಂದೆ. ದಡದಲ್ಲಿ ಹೆಂಗಸರು ನನ್ನ ಕೈ ಹಿಡ್ಕೊಂಡು ಅತ್ರು. ಯಾವ ಚಕ್ರದಿಂದ ಬಂದೆ ನಾನು? ನಿನ್ನ ಚಕ್ರದಿಂದ! ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಾಗ ನೀನು ಪಕ್ಕದಲ್ಲೇ ನಿಂತಿದ್ದೆ, ಖಾಲಿ ಕೈಯಲ್ಲಿ. ಆವಾಗಲಾದ್ರೂ ನಾನು ಬಾಯಿಬಿಡಬೇಕಿತ್ತು. ಬಿಡಲಿಲ್ಲ. ಆ ಹೊಗಳಿಕೆ... ಹಿತವಾಗಿತ್ತು ಭಾವ. ಇವತ್ತು ಬಂದದ್ದೂ ನಿನಗೆ ಗೊತ್ತಾಗದ ಹಾಗೆ ನಿನ್ನ ಚಕ್ರನ ವಾಪಸ್ ಹಾಕೋಕೆ.

...ಏನು? ಮನೆ ಕಡೆ ಯಾಕೆ ಗದ್ದ ತೋರಿಸ್ತೀಯ?

ಅವಳ ಹತ್ರವಾ? ಬೇಡ ಭಾವ. ನನ್ನನ್ನ ಹೊಡಿ. ಸಂಜೆ ಎಲ್ಲರೆದುರು ಹೇಳ್ತೀನಿ, ಪಾದ್ರಿಗಳಿಗೂ ಹೇಳ್ತೀನಿ, ನಿಮ್ಮ ಮನೆಬಾಗಿಲಲ್ಲಿ ಮಂಡಿಯೂರಿ ಕೂರ್ತೀನಿ. ಅವಳಿಗೆ ಮಾತ್ರ... ಅವಳು ನನ್ನನ್ನ ಹೇಗೆ ನೋಡ್ತಾಳೆ ಅಂತ ನಿನಗೆ ಗೊತ್ತಲ್ಲ.

...ನಿನ್ನನ್ನ ಹೇಗೆ ನೋಡ್ತಾಳೆ ಅನ್ನೋದೂ ಗೊತ್ತು. ಗೊತ್ತು ನನಗೆ. ಅಪ್ಪನ ದೋಣಿ ಇನ್ನು ಹತ್ತಲ್ಲ ಅಂದ್ಳಂತೆ. ಅಕ್ಕ ಹೇಳಿದ್ಳು. ಅದನ್ನ ಕೇಳಿಯೂ ನಾನು ನಿಜ ಹೇಳಲಿಲ್ಲ.

ಮತ್ತೆ ಮನೆ ಕಡೆಗೇ ಕೈ ತೋರಿಸ್ತೀಯಾ?

...ಸರಿ. ಹೋಗ್ತೀನಿ. ಇಲ್ಲ, ನೀನು ಬರಬೇಡ... ಬಾ. ನೀನೂ ಬಾ, ಇಲ್ಲಾಂದ್ರೆ ಅರ್ಧ ದಾರಿಯಲ್ಲಿ ಇನ್ನೊಂದು ಸುಳ್ಳು ಹುಟ್ಟುತ್ತೆ ನನಗೆ.

ಅಕನಿಸಿ! ಆಚೆ ಬಾಮ್ಮ ಒಂದು ನಿಮಿಷ. ನಗಬೇಡ ಕಂದಾ, ಇವತ್ತು ಮಾವನ್ನ ನೋಡಿ ನಗಬೇಡ. ಅವತ್ತು ನಿನ್ನಪ್ಪನ ಮೋಟಾರು ತಾನಾಗಿ ಕೆಡಲಿಲ್ಲ. ನಾನು ಕೆಡಿಸಿದ್ದೆ.